ಯಂತ್ರದ ನೆರವು ಮತ್ತು ಬುದ್ಧಿಯ ವ್ಯಾಯಾಮ

ದೇಹಾರೋಗ್ಯಕ್ಕೆ ವ್ಯಾಯಾಮವು ಅವಶ್ಯಕವೆಂಬ ಮಾತನ್ನು ಇಂದು ಯಾರೂ ಅಲ್ಲಗಳೆಯುವುದಿಲ್ಲ. ಮುರಿದ ಕೈಯನ್ನು ಕೆಲವು ವಾರ ಪ್ಲಾಸ್ಟರಿನಲ್ಲಿ ಕಟ್ಟಿಟ್ಟು ಬಿಚ್ಚಿದಾಗ ಅದು ಸೊರಗಿರುವುದನ್ನು ನಾವೆಲ್ಲರೂ ಕಂಡಿದ್ದೇವೆ. ಉಪಯೋಗಿಸದ ಸ್ನಾಯು ಕ್ಷೀಣಿಸುತ್ತದೆ; ಮತ್ತೆ ಉಪಯೋಗಿಸತೊಡಗಿದರೆ ಕ್ರಮೇಣ ಚೇತರಿಸಿಕೊಳ್ಳುತ್ತದೆ. ಬುದ್ಧಿಯ ವಿಷಯದಲ್ಲಿಯೂ ಇದೇ ನಿಯಮವು ಅನ್ವಯಿಸುತ್ತದೆಯೇ? ಲೆಕ್ಕವನ್ನು ಕ್ಯಾಲ್ಕ್ಯುಲೇಟರ್, ದಾರಿಯನ್ನು ಮೊಬೈಲಿನ ನಕ್ಷೆ, ದೂರವಾಣಿ ಸಂಖ್ಯೆಗಳನ್ನು ಅದೇ ಮೊಬೈಲು, ಇತ್ತೀಚೆಗೆ ಪತ್ರ ಪ್ರಬಂಧಗಳನ್ನು ಕೃತಕ ಬುದ್ಧಿಮತ್ತೆ - ಹೀಗೆ ಒಂದೊಂದು ಕೆಲಸವನ್ನು ಒಂದೊಂದು ಯಂತ್ರ ವಹಿಸಿಕೊಂಡಿರುವ ಈ ಕಾಲದಲ್ಲಿ ನಮ್ಮ ಆಲೋಚನಾಶಕ್ತಿಯೂ ನಿತ್ಯಜೀವನದ ಕೌಶಲಗಳೂ ಕುಂದುತ್ತಿವೆಯೇ? ಈ ಪ್ರಶ್ನೆಯನ್ನು ಪರಿಶೀಲಿಸುವುದು ಪ್ರಕೃತ ಲೇಖನದ ಉದ್ದೇಶ.

ಲೇಖಕನು ವೈದ್ಯನಲ್ಲ, ಅಂಕಿಗಳ ನಡುವೆ ಬದುಕು ಸಾಗಿಸುತ್ತಿರುವ ಬ್ಯಾಂಕಿನ ಅಧಿಕಾರಿ. ಆದುದರಿಂದ ಲೆಕ್ಕದ ಉದಾಹರಣೆಗಳು ಇಲ್ಲಿ ತುಸು ಹೆಚ್ಚಾಗಿಯೇ ಬಂದರೆ ವಾಚಕರು ಮನ್ನಿಸಬೇಕು.

ಪ್ರಶ್ನೆ ಹೊಸತಲ್ಲ

ಕ್ರಿಸ್ತಪೂರ್ವ ನಾಲ್ಕನೆಯ ಶತಮಾನದಲ್ಲಿ ಗ್ರೀಕ್ ತತ್ತ್ವಜ್ಞಾನಿ ಪ್ಲೇಟೋ ತನ್ನ 'ಫೀಡ್ರಸ್' ಎಂಬ ಸಂವಾದದಲ್ಲಿ ಒಂದು ಕಥೆಯನ್ನು ಹೇಳಿಸಿದ್ದಾನೆ. ಈಜಿಪ್ಟಿನ ದೇವತೆಯೊಬ್ಬನು ಬರವಣಿಗೆಯನ್ನು ಕಂಡುಹಿಡಿದು ರಾಜನಿಗೆ ಒಪ್ಪಿಸುತ್ತಾನೆ. ರಾಜನಿಗಾದರೋ ಸಂತೋಷವಾಗುವುದಿಲ್ಲ, ಜನರು ಬರಹವನ್ನೇ ನಂಬಿ ಸ್ಮರಣಶಕ್ತಿಯನ್ನು ಕಳೆದುಕೊಳ್ಳುವರೆಂದು ಅವನು ಆಕ್ಷೇಪಿಸುತ್ತಾನೆ. ನಮ್ಮ ದೇಶದಲ್ಲಿ ವೇದಗಳನ್ನು ಪದ, ಕ್ರಮ, ಜಟಾ, ಘನ ಮೊದಲಾದ ಪಾಠಕ್ರಮಗಳ ಮೂಲಕ ತಲೆಮಾರುಗಳ ಕಾಲ ಬಾಯಿಯಿಂದ ಬಾಯಿಗೆ ಉಳಿಸಿಕೊಂಡು ಬಂದುದನ್ನು ನೆನೆದರೆ ರಾಜನ ಶಂಕೆಯಲ್ಲಿ ಹುರುಳಿಲ್ಲದೆ ಇಲ್ಲ. ಆದರೂ ಬರವಣಿಗೆಯಿಂದ ಮನುಕುಲಕ್ಕೆ ಬಂದ ಲಾಭವು ನಷ್ಟಕ್ಕಿಂತ ಎಷ್ಟೋ ಪಾಲು ಹೆಚ್ಚಿನದೆಂಬುದು ನಿರ್ವಿವಾದ.

ಎಲ್ಲ ಕೌಶಲಗಳ ನಾಶವೂ ದುಃಖಪಡಬೇಕಾದ ಸಂಗತಿಯಲ್ಲ. 1957ರ ಏಪ್ರಿಲ್ 1ರಂದು ದಶಮಾಂಶ ನಾಣ್ಯಪದ್ಧತಿಯು ಜಾರಿಗೆ ಬರುವವರೆಗೆ ರೂಪಾಯಿಗೆ ಹದಿನಾರು ಆಣೆ, ಆಣೆಗೆ ಹನ್ನೆರಡು ಪೈ. ಮೂರು ರೂಪಾಯಿ ಏಳಾಣೆ ಒಂಬತ್ತು ಪೈಗೆ ಐದು ರೂಪಾಯಿ ಹನ್ನೊಂದಾಣೆ ಆರು ಪೈ ಕೂಡಿಸುವುದು ಅಂದಿನ ಅಂಗಡಿಕಾರನಿಗೆ ನೀರು ಕುಡಿದಷ್ಟು ಸುಲಭ. ಕಾಲು, ಅರೆ, ಮುಕ್ಕಾಲರ ಮಗ್ಗಿಗಳು ಆಗಿನ ವಿದ್ಯಾರ್ಥಿಗಳಿಗೆ ಬಾಯಿಪಾಠವಾಗಿದ್ದವು. ಇಂದು ಅವು ಮರೆತುಹೋಗಿವೆ. ಅದರಿಂದ ಯಾರಿಗೂ ಬಾಧಕವಾಗಿಲ್ಲ. ಏಕೆಂದರೆ ಆ ಕೌಶಲದ ಅಗತ್ಯವೇ ಇಲ್ಲವಾಯಿತು. ಹಾಗಾದರೆ ಯಾವ ಕೌಶಲವನ್ನು ಬಿಟ್ಟುಕೊಡಬಹುದು, ಯಾವುದನ್ನು ಬಿಟ್ಟುಕೊಡಬಾರದು ಎಂಬುದೇ ಇಲ್ಲಿಯ ಮುಖ್ಯ ಪ್ರಶ್ನೆ.

ಲೆಡ್ಜರಿನಿಂದ ಗಣಕಯಂತ್ರಕ್ಕೆ

ನಮ್ಮ ಬ್ಯಾಂಕುಗಳ ಯಾಂತ್ರೀಕರಣದ ಬಗ್ಗೆ ಡಾ. ಸಿ. ರಂಗರಾಜನ್ ಅವರ ಅಧ್ಯಕ್ಷತೆಯ ಸಮಿತಿಯು 1984ರಲ್ಲಿ ವರದಿ ಸಲ್ಲಿಸಿತು. ಮುಂದಿನ ಎರಡು ದಶಕಗಳಲ್ಲಿ ದಪ್ಪ ರಟ್ಟಿನ ಲೆಡ್ಜರುಗಳು ಒಂದೊಂದಾಗಿ ಉಗ್ರಾಣ ಸೇರಿದವು. ನಾನು ಸೇವೆಗೆ ಸೇರಿದ ಹೊಸತರಲ್ಲಿ, ಲೆಡ್ಜರಿನ ಕಾಲವನ್ನು ಕಂಡ ಹಿರಿಯ ಸಹೋದ್ಯೋಗಿಗಳು ಇನ್ನೂ ಇದ್ದರು. ಉದ್ದನೆಯ ಅಂಕಿಸಾಲಿನ ಮೇಲೆ ಪೆನ್ಸಿಲಿನ ತುದಿಯನ್ನು ಒಮ್ಮೆ ಎಳೆದು ಮೊತ್ತ ಬರೆಯಬಲ್ಲವರು ಅವರು.

ಅವರಿಂದ ಕಲಿತ ಒಂದು ಯುಕ್ತಿಯನ್ನು ಇಲ್ಲಿ ಹೇಳಬಹುದು. ಜಮಾ ಖರ್ಚುಗಳು ತಾಳೆಯಾಗದಿದ್ದಾಗ ಅವರು ಮೊದಲು ವ್ಯತ್ಯಾಸದ ಮೊತ್ತವನ್ನು ಒಂಬತ್ತರಿಂದ ಭಾಗಿಸಿ ನೋಡುತ್ತಿದ್ದರು. ನಿಶ್ಶೇಷವಾಗಿ ಭಾಗವಾದರೆ ಎಲ್ಲಿಯೋ ಎರಡು ಅಂಕಿಗಳು ಅದಲುಬದಲಾಗಿವೆಯೆಂದು ಶಂಕಿಸಬಹುದು. 74 ಎಂಬುದನ್ನು 47 ಎಂದು ಬರೆದರೆ ವ್ಯತ್ಯಾಸ 27. 530ನ್ನು 350 ಎಂದು ಬರೆದರೆ ವ್ಯತ್ಯಾಸ 180. ಎರಡೂ ಒಂಬತ್ತರ ಗುಣಕಗಳೇ. ಹತ್ತರ ಸ್ಥಾನದ ಅಂಕಿಯು ಬಿಡಿಸ್ಥಾನಕ್ಕೆ ಇಳಿದಾಗ ಅದರ ಬೆಲೆ ಒಂಬತ್ತು ಪಾಲಿನಷ್ಟು ಕುಗ್ಗುವುದೂ, ಬಿಡಿಸ್ಥಾನದ್ದು ಮೇಲೇರಿದಾಗ ಅಷ್ಟೇ ಪಾಲು ಹೆಚ್ಚುವುದೂ ಇದಕ್ಕೆ ಕಾರಣ. ಒಂಬತ್ತರಿಂದ ಭಾಗವಾಗದಿದ್ದರೆ ವ್ಯತ್ಯಾಸವನ್ನು ಅರ್ಧ ಮಾಡಿ, ಆ ಮೊತ್ತದ ನಮೂದು ಯಾವುದಾದರೂ ಜಮೆಗೆ ಬದಲಾಗಿ ಖರ್ಚಿನ ಕಡೆ ಬಿದ್ದಿದೆಯೇ ಎಂದು ಹುಡುಕುತ್ತಿದ್ದರು.

ಈ ಹಿರಿಯರ ವೇಗದ ಕೂಡಿಕೆ ಇಂದು ಯಾರಿಗೂ ಬೇಡ. ಯಂತ್ರವು ಅದನ್ನು ಕ್ಷಣಾರ್ಧದಲ್ಲಿ ಮಾಡುತ್ತದೆ. ಆದರೆ 'ಈ ಮೊತ್ತವು ಸರಿಯಾಗಿರಲಾರದು' ಎಂದು ಕಣ್ಣಿಗೆ ಬಿದ್ದೊಡನೆ ಸಂಶಯಪಡುವ ಅವರ ಶಕ್ತಿ ಇಂದಿಗೂ ಬೇಕು. ಕೂಡಿಕೆ ಬೇರೆ, ಅಂದಾಜು ಬೇರೆ. ತೊಂದರೆಯೆಂದರೆ, ಆ ಅಂದಾಜಿನ ಶಕ್ತಿ ಅವರಿಗೆ ಬಂದದ್ದು ಕೂಡಿಕೆಯ ನಿತ್ಯಾಭ್ಯಾಸದಿಂದಲೇ. ಮೊದಲನೆಯದನ್ನು ಪೂರ್ತಿಯಾಗಿ ಯಂತ್ರಕ್ಕೆ ಒಪ್ಪಿಸಿದರೆ ಎರಡನೆಯದು ಎಲ್ಲಿಂದ ಬರಬೇಕು?

ಸಂಶೋಧಕರು ಕಂಡದ್ದು

ಲಂಡನ್ನಿನಲ್ಲಿ ಟ್ಯಾಕ್ಸಿ ಚಾಲಕರಾಗಬೇಕಾದರೆ ನಗರದ ಸುಮಾರು 25,000 ಬೀದಿಗಳನ್ನು ನೆನಪಿನಲ್ಲಿಟ್ಟು ಕಠಿಣವಾದ ಪರೀಕ್ಷೆಯಲ್ಲಿ ತೇರ್ಗಡೆ ಹೊಂದಬೇಕು. ಮೆದುಳಿನಲ್ಲಿ ಹಿಪ್ಪೊಕ್ಯಾಂಪಸ್ ಎಂಬ ಭಾಗವಿದೆ. ಸ್ಮರಣೆಗೂ ಸ್ಥಳಜ್ಞಾನಕ್ಕೂ ಅದು ಮುಖ್ಯ. ಈ ಚಾಲಕರಲ್ಲಿ ಅದರ ಹಿಂಬದಿಯು ಇತರರಲ್ಲಿರುವುದಕ್ಕಿಂತ ದೊಡ್ಡದಾಗಿರುವುದನ್ನು ಎಲೀನರ್ ಮಗ್ವಾಯರ್ ಮತ್ತು ಸಂಗಡಿಗರು 2000ದಲ್ಲಿ ಪ್ರಕಟಿಸಿದರು. ಹುಟ್ಟಿನಿಂದಲೇ ಹಾಗಿರಬಹುದಲ್ಲವೇ ಎಂಬ ಸಂದೇಹಕ್ಕೆ 2011ರ ಇನ್ನೊಂದು ಅಧ್ಯಯನವು ಉತ್ತರ ಕೊಟ್ಟಿತು. ತರಬೇತಿಗೆ ಸೇರಿದವರನ್ನು ವರ್ಷಗಟ್ಟಲೆ ಗಮನಿಸಿದಾಗ, ಕಲಿತು ತೇರ್ಗಡೆಯಾದವರಲ್ಲಿ ಮಾತ್ರ ಆ ಭಾಗವು ಬೆಳೆದಿತ್ತು, ಉಳಿದವರಲ್ಲಿ ಬೆಳೆದಿರಲಿಲ್ಲ. ಪ್ರಾಯದ ಮೆದುಳು ಸಹ ಅಭ್ಯಾಸದಿಂದ ಬದಲಾಗುತ್ತದೆಂಬುದು ಇದರಿಂದ ಸ್ಪಷ್ಟ.

ಅಭ್ಯಾಸ ತಪ್ಪಿದರೆ ಏನಾಗುತ್ತದೆ? ಮೊಬೈಲ್ ಅಥವಾ ಕಾರಿನ ದಾರಿಸೂಚಕವನ್ನು ಹೆಚ್ಚು ಬಳಸಿದವರಲ್ಲಿ ಸ್ವಂತವಾಗಿ ದಾರಿ ಕಂಡುಕೊಳ್ಳುವ ನೆನಪು ಕಡಿಮೆಯಿರುವುದನ್ನು ಕೆನಡಾದ ಸಂಶೋಧಕರು 2020ರಲ್ಲಿ ವರದಿ ಮಾಡಿದರು. ಪರೀಕ್ಷೆಗೆ ಒಳಗಾದ ಚಾಲಕರು 50 ಮಂದಿ. ಮೂರು ವರ್ಷಗಳ ಬಳಿಕ ಮತ್ತೆ ಪರೀಕ್ಷೆಗೆ ದೊರೆತವರು 13 ಮಂದಿ ಮಾತ್ರ. ಸಂಖ್ಯೆ ಚಿಕ್ಕದಾದುದರಿಂದ ಇದನ್ನು ಕೊನೆಯ ಮಾತೆಂದು ತಿಳಿಯಬಾರದು. ಆದರೆ ಸೂಚನೆಯೆಂದು ತಿಳಿಯಲು ಅಡ್ಡಿಯಿಲ್ಲ.

ವೈದ್ಯರೂ ಇದಕ್ಕೆ ಹೊರತಲ್ಲ. ದೊಡ್ಡಕರುಳನ್ನು ನಳಿಕೆಯ ಮೂಲಕ ಪರೀಕ್ಷಿಸುವಾಗ, ಮುಂದೆ ಅರ್ಬುದಕ್ಕೆ ತಿರುಗಬಹುದಾದ ಸಣ್ಣ ಗಂಟುಗಳನ್ನು ಕೃತಕ ಬುದ್ಧಿಮತ್ತೆಯು ತೆರೆಯ ಮೇಲೆ ಗುರುತು ಹಾಕಿ ತೋರಿಸುವ ವ್ಯವಸ್ಥೆಯಿದೆ. ಪೋಲೆಂಡಿನ ನಾಲ್ಕು ಕೇಂದ್ರಗಳಲ್ಲಿ ಈ ವ್ಯವಸ್ಥೆ ಬರುವ ಮೊದಲು, ನುರಿತ ವೈದ್ಯರು ತಾವಾಗಿಯೇ ಮಾಡಿದ ಪರೀಕ್ಷೆಗಳಲ್ಲಿ ಶೇಕಡಾ 28.4ರಲ್ಲಿ ಇಂಥ ಗಂಟುಗಳು ಪತ್ತೆಯಾಗುತ್ತಿದ್ದವು. ವ್ಯವಸ್ಥೆಗೆ ಹೊಂದಿಕೊಂಡ ಬಳಿಕ, ಯಂತ್ರದ ನೆರವಿಲ್ಲದೆ ಮಾಡಿದ ಪರೀಕ್ಷೆಗಳಲ್ಲಿ ಅದು ಶೇಕಡಾ 22.4ಕ್ಕೆ ಇಳಿಯಿತೆಂದು 2025ರಲ್ಲಿ 'ಲ್ಯಾನ್ಸೆಟ್' ಬಳಗದ ಪತ್ರಿಕೆಯೊಂದು ಪ್ರಕಟಿಸಿತು. ಇದು ಅವಲೋಕನದ ಅಧ್ಯಯನವಾದುದರಿಂದ ಬೇರೆ ಕಾರಣಗಳೂ ಇದ್ದಿರಬಹುದು. ಆದರೂ ಸಾವಿರಾರು ಪರೀಕ್ಷೆ ಮಾಡಿ ಪಳಗಿದ ಕಣ್ಣು ಕೂಡ ಕೆಲವೇ ತಿಂಗಳಲ್ಲಿ ಮಂಕಾಗಬಹುದೆಂಬ ಶಂಕೆಯು ರೋಗಿಗಳಾಗುವ ನಮಗೆಲ್ಲರಿಗೂ ಸಂಬಂಧಿಸಿದ್ದು.

ವಿದ್ಯಾರ್ಥಿಗಳ ವಿಷಯದಲ್ಲಿ ಟರ್ಕಿಯಲ್ಲಿ ನಡೆದ ಪ್ರಯೋಗವೊಂದು ಬೋಧಪ್ರದವಾಗಿದೆ. ಪ್ರೌಢಶಾಲೆಯ ಸುಮಾರು ಒಂದು ಸಾವಿರ ಮಕ್ಕಳಲ್ಲಿ ಕೆಲವರಿಗೆ ಗಣಿತಾಭ್ಯಾಸಕ್ಕೆ ಕೃತಕ ಬುದ್ಧಿಮತ್ತೆಯ ನೆರವನ್ನು ಮುಕ್ತವಾಗಿ ಕೊಡಲಾಯಿತು. ಅಭ್ಯಾಸದ ವೇಳೆ ಅವರು ಉಳಿದವರಿಗಿಂತ ಶೇಕಡಾ 48ರಷ್ಟು ಉತ್ತಮ ಸಾಧನೆ ತೋರಿದರು. ನೆರವನ್ನು ತೆಗೆದು ಪರೀಕ್ಷೆಗೆ ಕೂರಿಸಿದಾಗ, ನೆರವನ್ನೇ ಪಡೆಯದೆ ಕಲಿತವರಿಗಿಂತ ಶೇಕಡಾ 17ರಷ್ಟು ಹಿಂದೆ ಬಿದ್ದರು. ಇನ್ನೊಂದು ಗುಂಪಿಗೆ ನೇರವಾಗಿ ಉತ್ತರ ಹೇಳದೆ ಸುಳಿವು ಮಾತ್ರ ಕೊಡುವ ಯಂತ್ರವನ್ನು ಒದಗಿಸಲಾಗಿತ್ತು; ಅವರಿಗೆ ಈ ಹಾನಿಯು ಬಹುಮಟ್ಟಿಗೆ ತಟ್ಟಲಿಲ್ಲ. ಅಂದ ಮೇಲೆ ಕೆಡಕು ಯಂತ್ರದಲ್ಲಿಲ್ಲ. ಯೋಚನೆಯ ಶ್ರಮವನ್ನು ಯಾರು ಮಾಡಿದರೆಂಬುದರಲ್ಲಿದೆ.

ನಾಣ್ಯದ ಇನ್ನೊಂದು ಮುಖ

ಇಷ್ಟರಿಂದಲೇ ಯಂತ್ರವನ್ನು ದೂರುವುದು ನ್ಯಾಯವಲ್ಲ. ಶಾಲೆಗಳಲ್ಲಿ ಕ್ಯಾಲ್ಕ್ಯುಲೇಟರ್ ಬಳಸುವ ಕುರಿತ 79 ಅಧ್ಯಯನಗಳನ್ನು ಅಮೆರಿಕದಲ್ಲಿ 1986ರಲ್ಲಿ ಒಟ್ಟಾಗಿ ಪರಿಶೀಲಿಸಿದಾಗ, ಸಾಂಪ್ರದಾಯಿಕ ಬೋಧನೆಯ ಜೊತೆಯಲ್ಲಿ ಅದನ್ನು ಬಳಸಿದರೆ ಲೆಕ್ಕದ ಕೌಶಲ ಕುಂದುವುದಿಲ್ಲವೆಂದು ಕಂಡುಬಂತು. ಒಂದು ಅಪವಾದವಿತ್ತು: ನಾಲ್ಕನೆಯ ತರಗತಿಯ ಸಾಧಾರಣ ವಿದ್ಯಾರ್ಥಿಗಳಿಗೆ ಅದರ ಸತತ ಬಳಕೆಯು ತೊಡಕಾಗಿತ್ತು. ತಳಹದಿಯನ್ನು ಹಾಕುವ ವಯಸ್ಸಿನಲ್ಲಿ ಮಗ್ಗಿ ಬೇಕು. ಗೋಡೆ ಎದ್ದ ಮೇಲೆ ಯಂತ್ರದಿಂದ ಭಯವಿಲ್ಲ.

ಹಿರಿಯರ ವಿಷಯದಲ್ಲಂತೂ ಚಿತ್ರವು ಇನ್ನೂ ಆಶಾದಾಯಕ. ನಾಲ್ಕು ಲಕ್ಷಕ್ಕೂ ಹೆಚ್ಚು ಮಂದಿಯನ್ನು ಒಳಗೊಂಡ 57 ಅಧ್ಯಯನಗಳನ್ನು 2025ರಲ್ಲಿ ಕ್ರೋಡೀಕರಿಸಿದಾಗ, ಮೊಬೈಲು, ಗಣಕಯಂತ್ರ ಮುಂತಾದುವನ್ನು ಬಳಸುವ ಐವತ್ತು ದಾಟಿದವರಲ್ಲಿ ಬುದ್ಧಿಮಾಂದ್ಯದ ಲಕ್ಷಣಗಳು ಬಳಸದವರಿಗಿಂತ ಕಡಿಮೆಯಿದ್ದುದು ಕಂಡುಬಂತು. ಬುದ್ಧಿ ಚುರುಕಾಗಿರುವವರೇ ಇವುಗಳನ್ನು ಬಳಸುತ್ತಿರಬಹುದೆಂಬ ವಾದಕ್ಕೂ ಎಡೆಯಿದೆ. ಆದರೆ ಅರವತ್ತೈದರ ತಾಯಿಗೆ ಹೊಸ ಮೊಬೈಲು ಕಲಿಯುವುದೇ ಒಂದು ಬೌದ್ಧಿಕ ವ್ಯಾಯಾಮ. ಹತ್ತರ ಮೊಮ್ಮಗನಿಗೆ ಅದೇ ಮೊಬೈಲು ವ್ಯಾಯಾಮದಿಂದ ತಪ್ಪಿಸಿಕೊಳ್ಳುವ ದಾರಿಯಾಗಬಹುದು. ಒಂದೇ ವಸ್ತು ಇಬ್ಬರಲ್ಲಿ ಎರಡು ಬಗೆಯ ಪರಿಣಾಮ ಮಾಡುವುದನ್ನು ಮನೆಯ ಯಜಮಾನರು ಗಮನಿಸಬೇಕು.

ಯಂತ್ರವನ್ನು ಪ್ರಶ್ನಿಸದಿದ್ದರೆ

2005ರ ಡಿಸೆಂಬರ್ 8ರಂದು ಟೋಕಿಯೋ ಷೇರುಪೇಟೆಯಲ್ಲಿ ಜೇ-ಕಾಮ್ ಎಂಬ ಕಂಪನಿಯ ಒಂದು ಷೇರನ್ನು 6,10,000 ಯೆನ್ನಿಗೆ ಮಾರಬೇಕಾಗಿತ್ತು. ಮಿಜುಹೊ ಸೆಕ್ಯೂರಿಟೀಸ್ ಸಂಸ್ಥೆಯಲ್ಲಿ ಅದನ್ನು 6,10,000 ಷೇರುಗಳು, ತಲಾ ಒಂದು ಯೆನ್ ಎಂದು ನಮೂದಿಸಲಾಯಿತು. ಆ ಕಂಪನಿಯ ಒಟ್ಟು ಷೇರುಗಳೇ 14,500. ತೆರೆಯ ಮೇಲೆ ಎಚ್ಚರಿಕೆಯೂ ಮೂಡಿತ್ತು, ಅದನ್ನು ಕಡೆಗಣಿಸಲಾಯಿತು. ಬಳಿಕ ಆದೇಶವನ್ನು ರದ್ದುಪಡಿಸಲು ಹೊರಟರೆ ಷೇರುಪೇಟೆಯ ಗಣಕವ್ಯವಸ್ಥೆ ಒಪ್ಪಲಿಲ್ಲ. ಒಟ್ಟು ನಷ್ಟ ಸುಮಾರು 4,000 ಕೋಟಿ ಯೆನ್. ಇದ್ದ ಷೇರುಗಳ ನಲವತ್ತು ಪಟ್ಟನ್ನು ಮಾರಲು ಸಾಧ್ಯವೇ ಎಂದು ಒಂದು ಕ್ಷಣ ಯೋಚಿಸಿದ್ದರೆ ಸಾಕಿತ್ತು.

ಇದಕ್ಕಿಂತಲೂ ಮನಸ್ಸನ್ನು ಕಲಕುವುದು ಬ್ರಿಟನ್ನಿನ ಅಂಚೆ ಕಚೇರಿಗಳ ಪ್ರಕರಣ. ಅಲ್ಲಿ 1999ರಿಂದ 'ಹೊರೈಜನ್' ಎಂಬ ಗಣಕ ಲೆಕ್ಕಪದ್ಧತಿ ಬಳಕೆಗೆ ಬಂತು. ಅದರ ದೋಷದಿಂದ ಅನೇಕ ಶಾಖೆಗಳಲ್ಲಿ ಇಲ್ಲದ ಕೊರತೆಗಳು ಕಾಣಿಸಿಕೊಂಡವು. ಲೆಕ್ಕ ಸರಿಯಾಗಿದೆಯೆಂದು ಶಾಖೆ ನಡೆಸುವವರು ಗೋಗರೆದರೂ ಯಾರೂ ನಂಬಲಿಲ್ಲ. ಯಂತ್ರವು ತಪ್ಪುವುದಿಲ್ಲವೆಂಬ ನಂಬಿಕೆಯೇ ಗೆದ್ದಿತು. 900ಕ್ಕೂ ಹೆಚ್ಚು ಮಂದಿ ಕಳ್ಳತನ, ಸುಳ್ಳು ಲೆಕ್ಕ ಮೊದಲಾದ ಅಪರಾಧಗಳಿಗಾಗಿ ಶಿಕ್ಷೆಗೊಳಗಾದರು. ಸೆರೆಮನೆ ಸೇರಿದವರುಂಟು, ಮನೆಮಾರು ಕಳೆದುಕೊಂಡವರುಂಟು. ಪದ್ಧತಿಯಲ್ಲಿ ದೋಷವಿತ್ತೆಂದು ಅಲ್ಲಿಯ ಉಚ್ಚ ನ್ಯಾಯಾಲಯವು 2019ರಲ್ಲಿ ತೀರ್ಪಿತ್ತಿತು. 2024ರಲ್ಲಿ ಸಂಸತ್ತು ವಿಶೇಷ ಕಾನೂನಿನ ಮೂಲಕ ನೂರಾರು ಶಿಕ್ಷೆಗಳನ್ನು ರದ್ದುಗೊಳಿಸಿತು. ಲೆಕ್ಕದ ವೃತ್ತಿಯಲ್ಲಿರುವ ಯಾರಿಗಾದರೂ ಇದನ್ನು ಓದುವಾಗ ಎದೆ ನಡುಗದೆ ಇರದು. ಕೈಬರಹದ ಲೆಡ್ಜರನ್ನು ಯಾರು ಬೇಕಾದರೂ ಮೊದಲಿನಿಂದ ಕೂಡಿ ನೋಡಬಹುದಾಗಿತ್ತು. ಪರೀಕ್ಷಿಸಲಾಗದ ಲೆಕ್ಕದ ಎದುರಿನಲ್ಲಿ ಪ್ರಾಮಾಣಿಕನಿಗೂ ರಕ್ಷಣೆಯಿಲ್ಲ.

ಮಹಾನಗರದ ನಮ್ಮ ಮನೆಗಳಲ್ಲಿ

ಮುಂಬಯಿಯ ಹಳೆಯ ಉಡುಪಿ ಹೋಟೆಲುಗಳಲ್ಲಿ ಮಾಣಿಯು ಅನೇಕ ಮೇಜುಗಳ ತಿಂಡಿಯ ಲೆಕ್ಕವನ್ನು ತಲೆಯಲ್ಲಿಟ್ಟುಕೊಂಡು, ಗಲ್ಲಾದಲ್ಲಿ ಕುಳಿತವರಿಗೆ ಕೂಗಿ ಹೇಳುತ್ತಿದ್ದುದನ್ನು ಹಿರಿಯ ವಾಚಕರು ಬಲ್ಲರು. ಆ ಮಾಣಿಗಳಲ್ಲಿ ಹಲವರು ಸಂಜೆ ಕನ್ನಡ ರಾತ್ರಿಶಾಲೆಗೆ ಹೋಗಿ ಓದಿದವರು. ಅಂಥವರ ಮಕ್ಕಳು, ಮೊಮ್ಮಕ್ಕಳು ಇಂದು ದೊಡ್ಡ ಹುದ್ದೆಗಳಲ್ಲಿದ್ದಾರೆ, ಸಂತೋಷ. ಆದರೆ ನಮ್ಮ ಮಕ್ಕಳಲ್ಲಿ ಎಷ್ಟು ಮಂದಿ ತಾಯಿಯ ಮೊಬೈಲ್ ಸಂಖ್ಯೆಯನ್ನು ಬಾಯಿಪಾಠವಾಗಿ ಹೇಳಬಲ್ಲರು? ಲೋಕಲ್ ಗಾಡಿಯ ನೂಕುನುಗ್ಗಲಿನಲ್ಲಿ ಮೊಬೈಲು ಕಳೆದುಹೋದರೆ ಪಕ್ಕದವರ ಮೊಬೈಲಿನಿಂದ ಮನೆಗೆ ಕರೆ ಮಾಡಲು ಆ ಹತ್ತು ಅಂಕಿಗಳೇ ಬೇಕು.

ಕನ್ನಡ ಲಿಪಿಯ ಗತಿಯೂ ಹೀಗೆಯೇ ಆಗಿದೆ. ಊರಿನ ಅಜ್ಜಿಗೆ ಕಳುಹಿಸುವ ಸಂದೇಶವನ್ನು ಮಕ್ಕಳು ಇಂಗ್ಲಿಷ್ ಅಕ್ಷರಗಳಲ್ಲಿ ಒತ್ತುತ್ತಾರೆ. ಯಂತ್ರವು ಕನ್ನಡಕ್ಕೆ ತಿರುಗಿಸುತ್ತದೆ. ಒತ್ತಕ್ಷರ, ದೀರ್ಘ, ಮಹಾಪ್ರಾಣಗಳನ್ನು ಯಂತ್ರವೇ ಊಹಿಸಿಕೊಡುವಾಗ ಕೈಗೂ ಕಣ್ಣಿಗೂ ಅವುಗಳ ಪರಿಚಯವಾಗುವುದಾದರೂ ಹೇಗೆ? ಹೊರನಾಡಿನಲ್ಲಿ ಶಾಲೆ, ಬೀದಿ, ಕಚೇರಿ ಯಾವುದೂ ಕನ್ನಡವನ್ನು ಕಲಿಸದು. ಮನೆಯಲ್ಲಿ ಕೈಬರಹ ತಪ್ಪಿದರೆ ಮುಂದಿನ ಪೀಳಿಗೆಗೆ ಲಿಪಿಯೇ ತಪ್ಪಿಹೋದೀತು.

ಮತ್ತೊಂದು ಅಪಾಯವು ನನ್ನ ವೃತ್ತಿಗೆ ಸಂಬಂಧಿಸಿದ್ದು. 2016ರಲ್ಲಿ ಯುಪಿಐ ಬಂದ ಮೇಲೆ ಹಣಪಾವತಿ ಅತ್ಯಂತ ಸುಲಭವಾಗಿದೆ. ತೆರೆಯ ಮೇಲೆ ಬಂದುದನ್ನು ಓದದೆ ಒತ್ತುವ ರೂಢಿಯೂ ಬೆಳೆದಿದೆ. ವಂಚಕರು ಕಾಯುವುದು ಇದೇ ರೂಢಿಗಾಗಿ. ಹಣ ಕೊಡಲು ಮಾತ್ರ ಪಿನ್ ಬೇಕು, ಪಡೆಯಲು ಬೇಡ. 'ಡಿಜಿಟಲ್ ಅರೆಸ್ಟ್' ಎಂಬ ಬಂಧನವು ನಮ್ಮ ಕಾನೂನಿನಲ್ಲಿ ಇಲ್ಲವೇ ಇಲ್ಲ. ಹಣ ಹೋಯಿತೆಂದು ತಿಳಿದೊಡನೆ ಬ್ಯಾಂಕಿಗೂ 1930 ಎಂಬ ಸಂಖ್ಯೆಗೂ ತಿಳಿಸಬೇಕು.

ಆಚರಣೆಗೆ ಕೆಲವು ಸೂಚನೆಗಳು

1. ಅಂಗಡಿಯಲ್ಲಿ ಚೀಟಿ ಕೈಗೆ ಬರುವ ಮೊದಲೇ ಮೊತ್ತವನ್ನು ಅಂದಾಜು ಮಾಡಿರಿ. 18, 42, 65, 87 ಇದ್ದರೆ 20, 40, 65, 90 ಎಂದು ಹಿಡಿದು 215 ಎನ್ನಿರಿ. ನಿಜವಾದ ಮೊತ್ತ 212. ಚೀಟಿಯಲ್ಲಿ 312 ಇದ್ದರೆ ತಪ್ಪು ಒಡನೆಯೇ ಗೊತ್ತಾಗುತ್ತದೆ. ನಾವು ಶಕುಂತಲಾದೇವಿಯವರಂತಾಗಬೇಕಿಲ್ಲ, ಇಷ್ಟು ಸಾಕು.

2. ಹಣವು ಇಮ್ಮಡಿಯಾಗಲು ಬೇಕಾದ ಕಾಲವನ್ನು ತಿಳಿಯಲು 72ನ್ನು ಬಡ್ಡಿದರದಿಂದ ಭಾಗಿಸಿರಿ. ಚಕ್ರಬಡ್ಡಿ ಶೇಕಡಾ 8 ಆದರೆ 9 ವರ್ಷ, 12 ಆದರೆ 6 ವರ್ಷ. ಐದು ವರ್ಷದಲ್ಲಿ ಹಣ ನಾಲ್ಕು ಪಟ್ಟಾಗುವುದೆಂದು ಯಾರಾದರೂ ಹೇಳಿದರೆ ಈ ಲೆಕ್ಕವೇ ಎಚ್ಚರಿಸುತ್ತದೆ.

3. ಸಾಲ ಪಡೆಯುವಾಗ ಕಂತಿನ ಮೊತ್ತವನ್ನಷ್ಟೇ ನೋಡಬೇಡಿ. ಒಂದು ಲಕ್ಷಕ್ಕೆ ಶೇಕಡಾ 10ರ 'ಫ್ಲಾಟ್' ಬಡ್ಡಿಯೆಂದರೆ ಮೂರು ವರ್ಷಕ್ಕೆ 30,000 ರೂಪಾಯಿ. ಆದರೆ ತಿಂಗಳು ತಿಂಗಳೂ ಅಸಲು ತೀರುತ್ತ ಹೋಗುವುದರಿಂದ ಸರಾಸರಿಯಲ್ಲಿ ನಿಮ್ಮ ಕೈಯಲ್ಲಿರುವುದು ಸುಮಾರು ಅರ್ಧ ಲಕ್ಷ. ನಿಜವಾದ ದರ ಸುಮಾರು ಶೇಕಡಾ 18. ಯಂತ್ರವು ಕಂತನ್ನು ಪೈಸೆಯವರೆಗೆ ಹೇಳೀತು. ಈ ಪ್ರಶ್ನೆಯನ್ನು ಕೇಳಬೇಕಾದವರು ನಾವು.

4. ಮನೆಯ ಪ್ರತಿಯೊಬ್ಬರೂ ಕನಿಷ್ಠ ಮೂರು ದೂರವಾಣಿ ಸಂಖ್ಯೆಗಳನ್ನು ಬಾಯಿಪಾಠ ಮಾಡಿರಬೇಕು. ತಿಂಗಳಿಗೊಮ್ಮೆ ಊಟದ ವೇಳೆ ಒಬ್ಬರನ್ನೊಬ್ಬರು ಪರೀಕ್ಷಿಸಬಹುದು.

5. ಹೊಸ ಸ್ಥಳಕ್ಕೆ ಹೊರಡುವ ಮುನ್ನ ನಕ್ಷೆಯನ್ನು ಒಮ್ಮೆ ಪೂರ್ತಿಯಾಗಿ ನೋಡಿರಿ; ನಿಲ್ದಾಣದ ಪೂರ್ವವೋ ಪಶ್ಚಿಮವೋ, ಯಾವ ಗುರುತಿನ ಬಳಿ ತಿರುಗಬೇಕು ಎಂಬುದನ್ನು ಮನಸ್ಸಿನಲ್ಲಿಟ್ಟುಕೊಳ್ಳಿರಿ. ಹೋಗುವಾಗ ನಕ್ಷೆ ಬಳಸಿದರೂ ಮರಳುವಾಗ ಅದಿಲ್ಲದೆ ಬರಲು ಯತ್ನಿಸಿರಿ.

6. ಮಕ್ಕಳು ಗಣಿತ ಅಥವಾ ಪ್ರಬಂಧವನ್ನು ಮೊದಲು ಹದಿನೈದು ನಿಮಿಷ ಸ್ವಂತವಾಗಿ ಪ್ರಯತ್ನಿಸಲಿ. ಅನಂತರ ಯಂತ್ರವನ್ನು ಕೇಳುವುದಾದರೆ ಸುಳಿವನ್ನು ಮಾತ್ರ ಕೇಳಲಿ. ವಾರಕ್ಕೊಂದು ಪುಟ ಕನ್ನಡವನ್ನು ಕೈಯಿಂದ ಬರೆಯಲಿ. ಅದು ಅಜ್ಜ ಅಜ್ಜಿಯರಿಗೆ ಕಾಗದವಾದರೆ ಇನ್ನೂ ಒಳ್ಳೆಯದು.

7. ಮನೆಯ ಹಿರಿಯರ ಮೊಬೈಲ್ ಕೆಲಸಗಳನ್ನೆಲ್ಲ ಮಕ್ಕಳೇ ಕಸಿದುಕೊಂಡು ಮಾಡಿಕೊಡಬಾರದು. ತಾಳ್ಮೆಯಿಂದ ಕಲಿಸಬೇಕು. ಆದರೆ ಚಿರಪರಿಚಿತ ದಾರಿ ತಪ್ಪುವುದು, ಒಂದೇ ಬಿಲ್ಲನ್ನು ಎರಡೆರಡು ಸಲ ಪಾವತಿ ಮಾಡುವುದು, ವರ್ಷಗಟ್ಟಲೆ ನೋಡಿಕೊಂಡ ಲೆಕ್ಕದಲ್ಲಿ ಗೊಂದಲವಾಗುವುದು - ಇವು ಪದೇ ಪದೇ ಕಂಡುಬಂದರೆ ಮೊಬೈಲನ್ನು ದೂರದೆ ವೈದ್ಯರ ಬಳಿಗೆ ಕರೆದೊಯ್ಯಬೇಕು. ಮರೆವಿನ ರೋಗಗಳ ಆರಂಭದ ಸೂಚನೆಗಳು ಹಣದ ವ್ಯವಹಾರದಲ್ಲಿಯೇ ಮೊದಲು ಕಾಣಿಸುವುದುಂಟು.

ಯಂತ್ರವನ್ನು ಬಿಟ್ಟು ಬಾಳುವುದು ಇಂದು ಸಾಧ್ಯವೂ ಅಲ್ಲ, ಉಚಿತವೂ ಅಲ್ಲ. ಗುಮಾಸ್ತನನ್ನು ಇಟ್ಟುಕೊಂಡ ವ್ಯಾಪಾರಿ ತಾನು ಲೆಕ್ಕವನ್ನು ಮರೆಯಲಾರ. ಮರೆತರೆ ಅಂಗಡಿಯು ಅವನ ಕೈಯಲ್ಲಿ ಉಳಿಯದು. ಯಂತ್ರವೂ ನಮ್ಮ ಗುಮಾಸ್ತ. ಎಷ್ಟೇ ಚುರುಕಾಗಿದ್ದರೂ ಅದರ ಲೆಕ್ಕವನ್ನು ಆಗಾಗ ನೋಡಿ ಸಹಿ ಹಾಕುವ ಹೊಣೆ ನಮ್ಮದೇ. ಆ ಸಹಿಯನ್ನು ತಿಳಿದು ಹಾಕುವಷ್ಟು ಕೌಶಲವನ್ನು ನಾವು ಉಳಿಸಿಕೊಂಡು, ಮಕ್ಕಳಿಗೂ ಕೊಟ್ಟರೆ ಯಂತ್ರದಿಂದ ನಮ್ಮ ಬುದ್ಧಿಗೆ ಕುಂದು ಬಾರದು.